ವಿಲಿಯಂ ಹೆನ್ರಿ ಲೇನ್

ವಿಲಿಯಂ ಹೆನ್ರಿ ಲೇನ್ (ಸು. 1825 – ಸು. 1854) ಹತ್ತೊಂಬತ್ತನೆಯ ಶತಮಾನದ ಆಫ್ರಿಕನ್-ಅಮೆರಿಕನ್ ನರ್ತಕರು. 'ಮಾಸ್ಟರ್ ಜೂಬಾ' ಎಂಬ ರಂಗನಾಮದಿಂದ ಇವರು ಪ್ರಸಿದ್ಧರು. ಐರ್ಲೆಂಡಿನ ಜಿಗ್ ಮತ್ತು ರೀಲ್ ನೃತ್ಯಗಳ ಪಾದಚಲನೆಗೆ ಆಫ್ರಿಕನ್ ಮೂಲದ ಲಯಗಾರಿಕೆಯನ್ನು ಬೆಸೆದು, ಪಣ ಕಟ್ಟಿ ನಡೆಸುತ್ತಿದ್ದ ನೃತ್ಯಸ್ಪರ್ಧೆಗಳಲ್ಲಿ ತಮ್ಮ ಕಾಲದ ಶ್ರೇಷ್ಠ ನರ್ತಕರೆನಿಸಿಕೊಂಡರು. ಇಂದಿನ ಟ್ಯಾಪ್ ನೃತ್ಯದ ಮೂಲಪುರುಷರಲ್ಲಿ ಇವರನ್ನು ಪ್ರಮುಖರೆಂದು ಪರಿಗಣಿಸಲಾಗುತ್ತದೆ.

ಆರಂಭಿಕ ಜೀವನ

ಲೇನ್ ಅವರು ರೋಡ್ ಐಲೆಂಡ್ ರಾಜ್ಯದ ಪ್ರಾವಿಡೆನ್ಸ್ ನಗರದಲ್ಲಿ ಸುಮಾರು 1825ರಲ್ಲಿ ಜನಿಸಿದರೆಂದು ನಂಬಲಾಗಿದೆ. ಅವರ ಕಲಾಜೀವನ ರೂಪುಗೊಂಡದ್ದು ನ್ಯೂಯಾರ್ಕ್ ನಗರದ ಫೈವ್ ಪಾಯಿಂಟ್ಸ್ ಎಂಬ ಬಡ ವಸತಿಪ್ರದೇಶದಲ್ಲಿ. ನ್ಯೂಯಾರ್ಕ್ ರಾಜ್ಯದಲ್ಲಿ ಗುಲಾಮಗಿರಿ 1827ರಲ್ಲಿ ಸಂಪೂರ್ಣವಾಗಿ ರದ್ದಾಗಿತ್ತು. ಸ್ವತಂತ್ರರಾದ ಕಪ್ಪು ಜನರೂ ಐರ್ಲೆಂಡಿನಿಂದ ವಲಸೆ ಬಂದ ಬಡ ಕುಟುಂಬಗಳೂ ಇಲ್ಲಿನ ಇಕ್ಕಟ್ಟಾದ ಓಣಿಗಳಲ್ಲಿ ಅಕ್ಕಪಕ್ಕದಲ್ಲೇ ಬಾಳುತ್ತಿದ್ದರು. ಈ ಪ್ರದೇಶದ ಪಾನಗೃಹಗಳಲ್ಲಿಯೂ ನೃತ್ಯಶಾಲೆಗಳಲ್ಲಿಯೂ ಎರಡು ಸಮುದಾಯಗಳ ನೃತ್ಯಗಳು ಪರಸ್ಪರ ಬೆರೆತವು. ಜಿಗ್ ಮತ್ತು ರೀಲ್‌ಗಳಲ್ಲಿ ಪರಿಣತರಾಗಿದ್ದ ಜಿಮ್ ಲೋ ಎಂಬ ಕಪ್ಪು ನರ್ತಕರು ಲೇನ್ ಅವರ ಗುರುಗಳೆಂದು ಹೇಳಲಾಗುತ್ತದೆ.

ನೃತ್ಯಶೈಲಿ

ಐರಿಷ್ ಜಿಗ್ ನೃತ್ಯದಲ್ಲಿ ದೇಹದ ಮೇಲ್ಭಾಗ ಬಹುಮಟ್ಟಿಗೆ ನಿಶ್ಚಲವಾಗಿರುತ್ತದೆ. ಹಿಮ್ಮಡಿ ಮತ್ತು ಮುಂಗಾಲುಗಳ ತ್ವರಿತ ಬಡಿತದಲ್ಲಿಯೇ ನರ್ತಕನ ಕೌಶಲ ಪ್ರಕಟವಾಗುತ್ತದೆ. 'ಜೂಬಾ' ಎಂಬುದು ಅಮೆರಿಕದ ತೋಟಗಳಲ್ಲಿ ದುಡಿಯುತ್ತಿದ್ದ ಗುಲಾಮರ ನೃತ್ಯವೊಂದರ ಹೆಸರು. ಇದರಲ್ಲಿ ಕೈಚಪ್ಪಾಳೆ, ತೊಡೆ ಹಾಗೂ ಎದೆಯನ್ನು ತಟ್ಟುವುದು ಮತ್ತು ಕಾಲಿನ ಬಡಿತಗಳಿಂದಲೇ ತಾಳ ಹುಟ್ಟುತ್ತಿತ್ತು. 1739ರ ಗುಲಾಮರ ದಂಗೆಯ ತರುವಾಯ ದಕ್ಷಿಣ ಕ್ಯಾರೊಲಿನಾದಲ್ಲಿ ಅವರು ಡೋಲು ಬಾರಿಸುವುದನ್ನು ಕಾನೂನಿನಿಂದ ನಿಷೇಧಿಸಲಾಯಿತು. ಇಂಥ ನಿರ್ಬಂಧಗಳಿದ್ದ ಕಡೆ ದೇಹವೇ ತಾಳವಾದ್ಯವಾಯಿತು.

ಲೇನ್ ಅವರು ಈ ಎರಡು ಪರಂಪರೆಗಳನ್ನು ಒಂದುಗೂಡಿಸಿದರು. ಜಿಗ್‌ನ ಹೆಜ್ಜೆಗಳನ್ನು ಉಳಿಸಿಕೊಂಡು, ಬಡಿತಗಳ ನಡುವಿನ ಅಂತರ, ಒತ್ತು ಮತ್ತು ನಾದಗಳಲ್ಲಿ ವೈವಿಧ್ಯ ತಂದರು. ಅವರ ಪ್ರದರ್ಶನವನ್ನು ನೋಡಿದ ಅಂದಿನ ವಿಮರ್ಶಕರು ಕಾಲುಗಳ ವೇಗಕ್ಕೆ ಬೆರಗಾದಂತೆಯೇ ಪಾದಗಳಿಂದ ಹೊಮ್ಮುತ್ತಿದ್ದ ಧ್ವನಿಯ ನಿಖರತೆಗೂ ಬೆರಗಾದರು. ಅವರು ಹಾಡುಗಾರರೂ ಟ್ಯಾಂಬೊರಿನ್ ವಾದಕರೂ ಆಗಿದ್ದರು.

ನೃತ್ಯಸ್ಪರ್ಧೆಗಳು

1840ರ ದಶಕದಲ್ಲಿ ಜಿಗ್ ಸ್ಪರ್ಧೆಗಳು ಅಮೆರಿಕದ ನಗರಗಳ ಜನಪ್ರಿಯ ಮನರಂಜನೆಯಾಗಿದ್ದವು. ಪತ್ರಿಕೆಗಳಲ್ಲಿ ಸವಾಲು ಪ್ರಕಟಿಸಿ, ಹಣ ಪಣವಿಟ್ಟು, ತೀರ್ಪುಗಾರರನ್ನು ನೇಮಿಸಿ ಇವುಗಳನ್ನು ನಡೆಸಲಾಗುತ್ತಿತ್ತು. ಲಯ, ಶೈಲಿ ಮತ್ತು ನಿರ್ವಹಣೆಗೆ ಬೇರೆಬೇರೆ ತೀರ್ಪುಗಾರರಿರುವುದು ರೂಢಿಯಾಗಿತ್ತು. ನಿರ್ವಹಣೆಯನ್ನು ಅಳೆಯುವವರು ಕೆಲವೊಮ್ಮೆ ವೇದಿಕೆಯ ಕೆಳಗೆ ಕುಳಿತು, ನರ್ತಕನನ್ನು ನೋಡದೆ ಬಡಿತಗಳನ್ನಷ್ಟೇ ಆಲಿಸುತ್ತಿದ್ದರು.

ಲೇನ್ ಅವರ ಮುಖ್ಯ ಪ್ರತಿಸ್ಪರ್ಧಿ ಐರಿಷ್-ಅಮೆರಿಕನ್ ನರ್ತಕ ಜಾನ್ ಡೈಮಂಡ್ (1823–1857). ಡೈಮಂಡ್ ಅವರು ಪ್ರದರ್ಶನ ಸಂಘಟಕ ಪಿ. ಟಿ. ಬಾರ್ನಮ್ ಅವರ ಆಶ್ರಯದಲ್ಲಿ ಹೆಸರು ಗಳಿಸಿದ್ದರು. 1844ರ ಜುಲೈನಲ್ಲಿ ನ್ಯೂಯಾರ್ಕಿನ ಬೌರಿ ಆಂಫಿಥಿಯೇಟರ್‌ನಲ್ಲಿ ಇಬ್ಬರ ನಡುವೆ 200 ಡಾಲರ್ ಪಣದ ಸ್ಪರ್ಧೆಯನ್ನು ಘೋಷಿಸಲಾಯಿತು. ಪ್ರತಿಯೊಂದು ಹೆಜ್ಜೆಯೂ ಪ್ರೇಕ್ಷಕರಿಗೆ ಸ್ಪಷ್ಟವಾಗಿ ಕಾಣಲೆಂದು ಆ ರಂಗಮಂದಿರವನ್ನು ಒಂದೇ ರಾತ್ರಿಗಾಗಿ ಬಾಡಿಗೆಗೆ ಪಡೆಯಲಾಗಿತ್ತು. ಈ ಕಾಲದ ಸ್ಪರ್ಧೆಗಳು ಲೇನ್ ಅವರಿಗೆ ನರ್ತಕರ ದೊರೆ ಎಂಬ ಕೀರ್ತಿಯನ್ನು ತಂದುಕೊಟ್ಟವು.

ಮಿನ್‌ಸ್ಟ್ರೆಲ್ ರಂಗಭೂಮಿ

ಬಿಳಿಯ ಕಲಾವಿದರು ಮುಖಕ್ಕೆ ಕಪ್ಪು ಬಣ್ಣ ಬಳಿದುಕೊಂಡು ಕಪ್ಪು ಜನರನ್ನು ಅಣಕಿಸುತ್ತಿದ್ದ ಪ್ರದರ್ಶನಗಳಿಗೆ ಮಿನ್‌ಸ್ಟ್ರೆಲ್ ಎಂಬ ಹೆಸರಿತ್ತು. ಅಂದಿನ ಬಹುಪಾಲು ರಂಗಮಂದಿರಗಳು ಕಪ್ಪು ಕಲಾವಿದರಿಗೆ ಅವಕಾಶ ನೀಡುತ್ತಿರಲಿಲ್ಲ. ಲೇಖಕ ಥಾಮಸ್ ಲೋ ನಿಕೋಲ್ಸ್ ಅವರು 1864ರಲ್ಲಿ ದಾಖಲಿಸಿದ ಪ್ರಸಂಗದ ಪ್ರಕಾರ, ಡೈಮಂಡ್ ತಮ್ಮನ್ನು ಬಿಟ್ಟುಹೋದ ಮೇಲೆ ಬಾರ್ನಮ್ ಅವರು ಇನ್ನೂ ಉತ್ತಮ ನರ್ತಕನಾದ ಕಪ್ಪು ಹುಡುಗನೊಬ್ಬನನ್ನು ಕಂಡುಹಿಡಿದರು. ಪ್ರೇಕ್ಷಕರು ನಿಜವಾದ ಕಪ್ಪು ನರ್ತಕನನ್ನು ಸಹಿಸಲಾರರೆಂದು ಆ ಹುಡುಗನ ಮುಖಕ್ಕೂ ಕಪ್ಪು ಬಣ್ಣ ಬಳಿದು, ಕೃತಕ ಕೂದಲು ತೊಡಿಸಿ, ಬಿಳಿಯನೊಬ್ಬ ವೇಷ ಹಾಕಿದ್ದಾನೆಂದು ತೋರುವಂತೆ ವೇದಿಕೆಗೆ ತಂದರು. ಆ ಹುಡುಗ ಲೇನ್ ಅವರೇ ಎಂದು ಹಲವು ಸಂಶೋಧಕರು ಭಾವಿಸುತ್ತಾರೆ.

ಸ್ಪರ್ಧೆಗಳ ಕೀರ್ತಿಯಿಂದ ಈ ಪರಿಸ್ಥಿತಿ ಸ್ವಲ್ಪಮಟ್ಟಿಗೆ ಬದಲಾಯಿತು. 1845ರಲ್ಲಿ ಲೇನ್ ಅವರು ನಾಲ್ವರು ಬಿಳಿಯ ಕಲಾವಿದರಿದ್ದ ತಂಡವೊಂದರಲ್ಲಿ ಪ್ರವಾಸ ಮಾಡಿದರು. ಜಾಹೀರಾತುಗಳಲ್ಲಿ ಅವರ ಹೆಸರೇ ಎಲ್ಲರಿಗಿಂತ ಮೇಲಿತ್ತು. ಆ ಕಾಲಕ್ಕೆ ಇದು ಅತ್ಯಂತ ಅಪರೂಪದ ಸಂಗತಿ. ಪ್ರಸಿದ್ಧ ನರ್ತಕರ ಶೈಲಿಗಳನ್ನು ಒಂದೊಂದಾಗಿ ಅನುಕರಿಸಿ, ಕೊನೆಯಲ್ಲಿ ತಮ್ಮದೇ ಶೈಲಿಯನ್ನು ಪ್ರದರ್ಶಿಸುವುದು ಅವರ ವಿಶೇಷ ಪ್ರಸ್ತುತಿಯಾಗಿತ್ತು. ಅಣಕವನ್ನೇ ಆಧರಿಸಿದ್ದ ರಂಗಭೂಮಿಯಲ್ಲಿ, ಅಣಕಿಸುವವರನ್ನೇ ಅನುಕರಿಸಿ ಮೀರಿಸಿದ್ದು ಈ ಪ್ರಸ್ತುತಿಯ ವೈಶಿಷ್ಟ್ಯ.

ಬ್ರಿಟನ್‌ನಲ್ಲಿ

ಇಂಗ್ಲಿಷ್ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ಅವರು 1842ರಲ್ಲಿ ಅಮೆರಿಕ ಪ್ರವಾಸ ಕೈಗೊಂಡಿದ್ದಾಗ ಫೈವ್ ಪಾಯಿಂಟ್ಸ್‌ನ ನೃತ್ಯಶಾಲೆಯೊಂದಕ್ಕೆ ಭೇಟಿ ನೀಡಿದ್ದರು. ಅಲ್ಲಿ ಕಂಡ ಯುವ ನರ್ತಕನೊಬ್ಬನ ಅದ್ಭುತ ಪಾದಚಲನೆಯನ್ನು ಅದೇ ವರ್ಷ ಪ್ರಕಟವಾದ 'ಅಮೆರಿಕನ್ ನೋಟ್ಸ್' ಕೃತಿಯಲ್ಲಿ, ಹೆಸರನ್ನು ಹೇಳದೆ, ವರ್ಣಿಸಿದರು. ಆ ನರ್ತಕ ಲೇನ್ ಅವರೇ ಎಂಬ ನಂಬಿಕೆ ಬೆಳೆಯಿತು. ಆದ್ದರಿಂದ 1848ರಲ್ಲಿ ಇಥಿಯೋಪಿಯನ್ ಸೆರೆನೇಡರ್ಸ್ ತಂಡದೊಡನೆ ಅವರು ಲಂಡನ್ನಿಗೆ ಬಂದಾಗ, ಡಿಕನ್ಸ್ ಅವರ ಕಾವ್ಯನಾಮವಾದ 'ಬಾಜ್' ಅನ್ನು ಸೇರಿಸಿ 'ಬಾಜ್‌ನ ಜೂಬಾ' ಎಂದು ಪ್ರಚಾರ ಮಾಡಲಾಯಿತು.

ಲಂಡನ್ನಿನ ವಾಕ್ಸ್‌ಹಾಲ್ ಉದ್ಯಾನದಲ್ಲಿ ನಡೆದ ಅವರ ಪ್ರದರ್ಶನಗಳು ಅಪಾರ ಜನಪ್ರಿಯತೆ ಗಳಿಸಿದವು. 1848ರ ಆಗಸ್ಟ್‌ನಲ್ಲಿ 'ಇಲಸ್ಟ್ರೇಟೆಡ್ ಲಂಡನ್ ನ್ಯೂಸ್' ಪತ್ರಿಕೆ ಅವರ ನೃತ್ಯದ ಚಿತ್ರವನ್ನು ಪ್ರಕಟಿಸಿತು. ತಂಡವು ಬ್ರಿಟನ್ನಿನ ಅನೇಕ ನಗರಗಳಲ್ಲಿ ಸಂಚರಿಸಿತು. ತಂಡದಿಂದ ಬೇರ್ಪಟ್ಟ ಮೇಲೆ ಲೇನ್ ಅವರು ಒಬ್ಬರೇ ಸಂಗೀತಶಾಲೆಗಳಲ್ಲಿಯೂ ಪಾನಗೃಹಗಳಲ್ಲಿಯೂ ನರ್ತಿಸತೊಡಗಿದರು. ಪತ್ರಿಕೆಗಳ ಮೆಚ್ಚುಗೆ ಕ್ರಮೇಣ ಕಡಿಮೆಯಾಯಿತು. 1851ರಲ್ಲಿ ಅವರು ಐರ್ಲೆಂಡಿನ ಡಬ್ಲಿನ್‌ನಲ್ಲಿ ಪ್ರದರ್ಶನ ನೀಡಿದರು.

ಮರಣ

ಲೇನ್ ಅವರು 1852ರಲ್ಲಿ ಲಂಡನ್ನಿನಲ್ಲಿ ನಿಧನರಾದರೆಂದು ಬಹುಕಾಲ ನಂಬಲಾಗಿತ್ತು. ಲಿವರ್‌ಪೂಲ್ ನಗರದ ಬಡವರ ಆಸ್ಪತ್ರೆಯ ಜ್ವರದ ವಾರ್ಡಿನಲ್ಲಿ 1854ರ ಫೆಬ್ರವರಿಯಲ್ಲಿ 'ಬಾಜ್ ಜೂಬಾ' ಎಂಬ ಹೆಸರಿನವರು ಮೃತಪಟ್ಟ ದಾಖಲೆಯನ್ನು ಸಂಶೋಧಕರು ನಂತರ ಬೆಳಕಿಗೆ ತಂದರು. ಆಗ ಲೇನ್ ಅವರಿಗೆ ಇನ್ನೂ ಮೂವತ್ತು ವರ್ಷ ತುಂಬಿರಲಿಲ್ಲ.

ಪರಂಪರೆ

ಮರಣಾನಂತರ ಲೇನ್ ಅವರ ಹೆಸರು ಬಹುಮಟ್ಟಿಗೆ ಮರೆಯಾಯಿತು. ಅವರ ಹೆಜ್ಜೆಗಳು ಮಾತ್ರ ಇತರ ನರ್ತಕರ ಮೂಲಕ ಉಳಿದುಬಂದವು. 1947ರಲ್ಲಿ ನೃತ್ಯ ಇತಿಹಾಸಕಾರ್ತಿ ಮೇರಿಯನ್ ಹ್ಯಾನಾ ವಿಂಟರ್ ಅವರು 'ಡಾನ್ಸ್ ಇಂಡೆಕ್ಸ್' ಪತ್ರಿಕೆಯಲ್ಲಿ ಬರೆದ ಲೇಖನದಿಂದ ಅವರ ಸಾಧನೆ ಮತ್ತೆ ಚರ್ಚೆಗೆ ಬಂದಿತು. ಐರಿಷ್ ಮತ್ತು ಆಫ್ರಿಕನ್ ನೃತ್ಯಪರಂಪರೆಗಳ ಕೂಡುವಿಕೆಯಿಂದ ಅಮೆರಿಕದ ಟ್ಯಾಪ್ ನೃತ್ಯ ರೂಪುಗೊಂಡ ಬಗೆಯನ್ನು ವಿವರಿಸುವಾಗ ಇತಿಹಾಸಕಾರರು ಇಂದು ಲೇನ್ ಅವರನ್ನು ಅನಿವಾರ್ಯವಾಗಿ ಉಲ್ಲೇಖಿಸುತ್ತಾರೆ.