ಓಡಿಸಲು ಯಂತ್ರವೇ ಇಲ್ಲದಾಗ ಚೆಸ್ ಪ್ರೋಗ್ರಾಂ ಬರೆದವರು ಯಾರು ಗೊತ್ತೇ?

ಬಸ್ಸಿನಲ್ಲಿ ಕುಳಿತು ಮೊಬೈಲ್ ಜೊತೆ ಚೆಸ್ ಆಡಿ ಸೋತಿದ್ದೀರಾ? ಕಂಪ್ಯೂಟರಿಗೆ ಚೆಸ್ ಕಲಿಸುವ ಕೆಲಸ 1997ರಲ್ಲಿ ಕಾಸ್ಪರೋವ್ ಅವರನ್ನು ಸೋಲಿಸಿದ ಡೀಪ್ ಬ್ಲೂನಿಂದ ಶುರುವಾಯಿತು ಎಂದು ಹಲವರು ಅಂದುಕೊಂಡಿದ್ದಾರೆ. ಇದು ಸರಿಯಲ್ಲ. ಅದಕ್ಕೂ ಅರ್ಧ ಶತಮಾನದ ಹಿಂದೆ, ಎರಡನೇ ಮಹಾಯುದ್ಧದ ದಿನಗಳಲ್ಲಿ, ಜರ್ಮನಿಯ ಎಂಜಿನಿಯರ್ ಕೊನ್ರಾಡ್ ಝೂಸೆ ಕಾಗದದ ಮೇಲೆ ಚೆಸ್ ಪ್ರೋಗ್ರಾಂ ಬರೆದಿದ್ದರು. ಅದನ್ನು ಬರೆಯಲು ಬೇಕಾದ ಭಾಷೆಯನ್ನೂ ಅವರೇ ಕಟ್ಟಿದ್ದರು.

ಮನೆಯ ಹಜಾರದಲ್ಲಿ ಕಂಪ್ಯೂಟರ್

ಝೂಸೆ ಹುಟ್ಟಿದ್ದು 1910ರ ಜೂನ್ 22ರಂದು, ಬರ್ಲಿನ್‌ನಲ್ಲಿ. ತಂದೆ ಅಂಚೆ ಇಲಾಖೆಯ ನೌಕರ. ಝೂಸೆ ಓದಿದ್ದು ಸಿವಿಲ್ ಎಂಜಿನಿಯರಿಂಗ್. ಕಟ್ಟಡ ಎಷ್ಟು ಭಾರ ತಾಳುತ್ತದೆ ಎಂಬಂಥ ಲೆಕ್ಕಗಳನ್ನು ಗಂಟೆಗಟ್ಟಲೆ ಕೈಯಲ್ಲೇ ಮಾಡಬೇಕಿತ್ತು. ಒಂದೇ ಬಗೆಯ ಲೆಕ್ಕವನ್ನು ಮತ್ತೆ ಮತ್ತೆ ಮಾಡಿ ಬೇಸತ್ತ ಅವರಿಗೆ, ಈ ಕೆಲಸವನ್ನು ಯಂತ್ರವೇ ಏಕೆ ಮಾಡಬಾರದು ಎನ್ನಿಸಿತು.

1935ರಲ್ಲಿ ಓದು ಮುಗಿಸಿ ಹೆನ್‌ಶೆಲ್ ವಿಮಾನ ಕಾರ್ಖಾನೆ ಸೇರಿದರು. ಸ್ವಲ್ಪ ದಿನಗಳಲ್ಲೇ ಕೆಲಸ ಬಿಟ್ಟು ತಂದೆ-ತಾಯಿಯ ಮನೆಯ ಹಜಾರವನ್ನೇ ಕಾರ್ಯಾಗಾರ ಮಾಡಿಕೊಂಡರು. ಮನೆಯವರೂ ಗೆಳೆಯರೂ ಹಣ ಹೊಂದಿಸಿದರು. ಲೋಹದ ತಗಡುಗಳನ್ನು ಸಣ್ಣ ಗರಗಸದಿಂದ ಕತ್ತರಿಸಿ ಕಟ್ಟಿದ ಜೆಡ್-1 ಯಂತ್ರ 1938ರಲ್ಲಿ ಸಿದ್ಧವಾಯಿತು. ಅದು ಸೊನ್ನೆ ಮತ್ತು ಒಂದರ ಲೆಕ್ಕದಲ್ಲೇ ಕೆಲಸ ಮಾಡುತ್ತಿತ್ತು. ಆದರೆ ತಗಡುಗಳು ಆಗಾಗ ಸಿಕ್ಕಿಹಾಕಿಕೊಳ್ಳುತ್ತಿದ್ದವು.

ಮುಂದೆ ತಗಡಿನ ಬದಲು ಟೆಲಿಫೋನ್ ರಿಲೇಗಳನ್ನು ಬಳಸಿದರು. 2,000ಕ್ಕೂ ಹೆಚ್ಚು ರಿಲೇಗಳಿದ್ದ ಜೆಡ್-3 ಯಂತ್ರವನ್ನು 1941ರ ಮೇ 12ರಂದು ತಜ್ಞರ ಮುಂದೆ ಓಡಿಸಿ ತೋರಿಸಿದರು. ಪ್ರೋಗ್ರಾಂ ಕೊಟ್ಟು ತಾನಾಗಿ ಲೆಕ್ಕ ಮಾಡಿಸಬಹುದಾದ, ನಿಜವಾಗಿ ಕೆಲಸ ಮಾಡಿದ ಮೊದಲ ಯಂತ್ರಗಳಲ್ಲಿ ಇದೂ ಒಂದು. ಅಮೆರಿಕದ ಎನಿಯಾಕ್ ಬಂದಿದ್ದು ಇದಾದ ನಾಲ್ಕೈದು ವರ್ಷಕ್ಕೆ.

ಯುದ್ಧದಲ್ಲಿ ಅವರ ಪಾತ್ರವೇನು?

ಈ ಭಾಗವನ್ನು ಬಿಟ್ಟರೆ ಕಥೆ ಅರ್ಧವಾಗುತ್ತದೆ. ಅವರ ಕೆಲಸಕ್ಕೆ ನಾಜಿ ಜರ್ಮನಿಯ ವಿಮಾನ ಸಂಶೋಧನಾ ಸಂಸ್ಥೆಯಿಂದ ಹಣ ಬಂದಿತ್ತು. ಹೆನ್‌ಶೆಲ್ ತಯಾರಿಸುತ್ತಿದ್ದ, ದೂರದಿಂದ ನಿಯಂತ್ರಿಸುವ ಬಾಂಬುಗಳ ರೆಕ್ಕೆಯ ಲೆಕ್ಕಗಳಿಗಾಗಿ ಅವರು ಬೇರೆಯೇ ಯಂತ್ರ ಕಟ್ಟಿಕೊಟ್ಟಿದ್ದರು. ಯುದ್ಧ ಅವರಿಗೆ ಹಣ ಕೊಟ್ಟಿತು, ಅದೇ ಯುದ್ಧ ಅವರ ದುಡಿಮೆಯನ್ನು ಕಿತ್ತುಕೊಂಡಿತು. 1943ರ ಡಿಸೆಂಬರ್‌ನಲ್ಲಿ ಬರ್ಲಿನ್ ಮೇಲೆ ಬಿದ್ದ ಬಾಂಬಿಗೆ ಜೆಡ್-3 ನಾಶವಾಯಿತು. ಜೆಡ್-1 ಕೂಡ ಬಾಂಬ್ ದಾಳಿಯಲ್ಲೇ ಹೋಯಿತು.

1945ರಲ್ಲಿ ಹೊಸ ಯಂತ್ರ ಜೆಡ್-4 ಅನ್ನು ಬರ್ಲಿನ್‌ನಿಂದ ಹೊರಗೆ ಸಾಗಿಸಿದರು. ಕೊನೆಗೆ ಆಲ್ಪ್ಸ್ ತಪ್ಪಲಿನ ಹಿಂಟರ್‌ಸ್ಟೈನ್ ಹಳ್ಳಿಯ ಕೊಟ್ಟಿಗೆಯೊಂದರಲ್ಲಿ ಅದನ್ನು ಅಡಗಿಸಿಟ್ಟರು. ಅಲ್ಲಿ ಯಂತ್ರದ ಕೆಲಸ ಮುಂದುವರಿಸುವಂತಿರಲಿಲ್ಲ. ಹಾಗಾಗಿ ಕಾಗದ, ಪೆನ್ಸಿಲ್ ಹಿಡಿದು, ಯುದ್ಧದ ವರ್ಷಗಳಲ್ಲಿ ಟಿಪ್ಪಣಿ ಮಾಡಿಟ್ಟಿದ್ದ ವಿಚಾರವೊಂದನ್ನು ಪೂರ್ತಿಗೊಳಿಸಿದರು.

ಏನದು ಪ್ಲಾನ್‌ಕಾಲ್ಕ್ಯೂಲ್?

ಆಗ ಯಂತ್ರಕ್ಕೆ ಒಂದೊಂದು ಹೆಜ್ಜೆಯನ್ನೂ ಬಿಡಿಬಿಡಿಯಾಗಿ ಹೇಳಬೇಕಿತ್ತು. ಅಡುಗೆಯವರಿಗೆ ಉಪ್ಪಿಟ್ಟು ಮಾಡಿ ಎನ್ನುವ ಬದಲು ಕೈ ಎತ್ತಿ, ಡಬ್ಬಿ ಹಿಡಿಯಿರಿ, ಮುಚ್ಚಳ ತಿರುಗಿಸಿ ಎಂದು ಹೇಳಿದ ಹಾಗೆ. ಮನುಷ್ಯ ಯೋಚಿಸುವ ರೀತಿಗೆ ಹತ್ತಿರವಾಗಿ, ಯಂತ್ರದ ಒಳರಚನೆಯ ಚಿಂತೆಯಿಲ್ಲದೆ ಬರೆಯುವ ಭಾಷೆಗೆ ಹೈ-ಲೆವೆಲ್ ಲ್ಯಾಂಗ್ವೇಜ್ ಎನ್ನುತ್ತಾರೆ. ಇಂದಿನ ಪೈಥಾನ್, ಜಾವಾ ಇಂಥವೇ. ಝೂಸೆ ರೂಪಿಸಿದ ಪ್ಲಾನ್‌ಕಾಲ್ಕ್ಯೂಲ್ ಇಂಥ ಭಾಷೆಗಳಲ್ಲೇ ಮೊದಲನೆಯದು ಎನ್ನುತ್ತಾರೆ. ಹೆಸರಾದ ಫೋರ್ಟ್ರಾನ್ ಬಂದಿದ್ದು 1957ರಲ್ಲಿ.

ಚೆಸ್ ಏಕೆ ಬೇಕಾಯಿತು?

ಯಂತ್ರ ಬರೀ ಕೂಡಿಸಿ ಕಳೆಯುವುದಕ್ಕಲ್ಲ, ನಿಯಮ ಹಿಡಿದು ತರ್ಕ ಮಾಡುವ ಯಾವ ಕೆಲಸವನ್ನಾದರೂ ಮಾಡಬಲ್ಲದು ಎಂಬುದು ಝೂಸೆ ನಂಬಿಕೆ. ತಮ್ಮ ಭಾಷೆಗೆ ಆ ಶಕ್ತಿ ಇದೆಯೇ ಎಂದು ಪರೀಕ್ಷಿಸಲು ಚೆಸ್ ಆರಿಸಿಕೊಂಡರು. ಅದಕ್ಕೆಂದೇ ಚೆಸ್ ಕಲಿತರು.

ಅವರ ಉಪಾಯ ಸರಳ. ಒಂದು ಬಿಟ್ ಎಂದರೆ ಸೊನ್ನೆ ಅಥವಾ ಒಂದು. ಮೂರು ಬಿಟ್ ಸೇರಿದರೆ 8 ಬಗೆಯ ಜೋಡಣೆ ಸಿಗುತ್ತದೆ. ಚೆಸ್ ಹಲಗೆಯಲ್ಲಿ ಅಡ್ಡ 8, ಉದ್ದ 8. ಹಾಗಾಗಿ ಮೂರು ಮತ್ತು ಮೂರು, ಆರು ಬಿಟ್‌ಗಳಲ್ಲಿ 64 ಮನೆಗಳಲ್ಲಿ ಯಾವುದನ್ನು ಬೇಕಾದರೂ ಗುರುತಿಸಬಹುದು. ನಾಲ್ಕು ಬಿಟ್‌ಗಳಲ್ಲಿ 16 ಜೋಡಣೆ. ಎರಡೂ ಬಣ್ಣದ 12 ಬಗೆಯ ಕಾಯಿಗಳಿಗೂ ಖಾಲಿ ಮನೆಗೂ ಅಷ್ಟು ಸಾಕು. ಇವುಗಳ ಮೇಲೆ ನಿಯಮಗಳನ್ನು ಕಟ್ಟಿದರು: ಈ ಕಾಯಿ ಆ ಮನೆಗೆ ಹೋಗಬಹುದೇ? ರಾಜನಿಗೆ ಚೆಕ್ ಇದೆಯೇ? ತಪ್ಪಿಸಿಕೊಳ್ಳಲು ದಾರಿ ಇದೆಯೇ? ಸಣ್ಣ ಪ್ರಶ್ನೆಗಳನ್ನು ಜೋಡಿಸಿ ದೊಡ್ಡ ಪ್ರಶ್ನೆಗೆ ಉತ್ತರ ಪಡೆಯುವ ಈ ಕ್ರಮವನ್ನು ಇಂದಿನ ಪ್ರೋಗ್ರಾಮರ್‌ಗಳೂ ಬಳಸುತ್ತಾರೆ.

ಆ ಪ್ರೋಗ್ರಾಂ ಓಡಿತೇ?

ಆಗ ಓಡಲಿಲ್ಲ. ಆ ಭಾಷೆಯನ್ನು ಅರ್ಥ ಮಾಡಿಕೊಳ್ಳುವ ಯಂತ್ರವೇ ಇರಲಿಲ್ಲ. 1948ರ ಹೊತ್ತಿಗೆ ಅದರ ಬಗ್ಗೆ ಒಂದು ಸಣ್ಣ ಲೇಖನ ಬರೆದರೂ ಹೆಚ್ಚು ಜನ ಗಮನಿಸಲಿಲ್ಲ. ಪೂರ್ಣ ಹಸ್ತಪ್ರತಿ ಅಚ್ಚಾಗಿದ್ದು 1972ರಲ್ಲಿ. ಅಷ್ಟರಲ್ಲಿ ಇತರರು ಬೇರೆ ಭಾಷೆಗಳನ್ನು ತಾವಾಗಿಯೇ ಕಟ್ಟಿಬಿಟ್ಟಿದ್ದರು. 2000ದ ಹೊತ್ತಿಗೆ ಬರ್ಲಿನ್‌ನ ಫ್ರೀ ಯೂನಿವರ್ಸಿಟಿ ತಂಡವೊಂದು ಪ್ಲಾನ್‌ಕಾಲ್ಕ್ಯೂಲ್ ಪ್ರೋಗ್ರಾಂಗಳನ್ನು ಕಂಪ್ಯೂಟರಿನಲ್ಲಿ ಓಡಿಸಿ ತೋರಿಸಿತು.

ಝೂಸೆ ಸುಮ್ಮನೆ ಕೂರಲಿಲ್ಲ. ಜೆಡ್-4 ಅನ್ನು ದುರಸ್ತಿ ಮಾಡಿ 1950ರಲ್ಲಿ ಸ್ವಿಟ್ಜರ್ಲೆಂಡ್‌ನ ಜ್ಯೂರಿಕ್ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಬಾಡಿಗೆಗೆ ಕೊಟ್ಟರು. ಸ್ವಂತ ಕಂಪ್ಯೂಟರ್ ಕಂಪನಿ ನಡೆಸಿದರು. ಹಣದ ಅಡಚಣೆಯಿಂದ ಅದು 1960ರ ದಶಕದಲ್ಲಿ ಬೇರೆಯವರ ಕೈ ಸೇರಿತು. 1941ರಲ್ಲಿ ಸಲ್ಲಿಸಿದ್ದ ಪೇಟೆಂಟ್ ಅರ್ಜಿ 1967ರಲ್ಲಿ ಕೊನೆಯದಾಗಿ ತಿರಸ್ಕೃತವಾಯಿತು.

ಹಾಗಾದರೆ ಕಂಪ್ಯೂಟರಿನ ಪಿತಾಮಹ ಇವರೇನಾ?

ಕಂಪ್ಯೂಟರನ್ನು ಇಂಥವರೊಬ್ಬರೇ ಕಂಡುಹಿಡಿದರು ಎನ್ನುವ ಫಾರ್ವರ್ಡ್ ಬಂದರೆ, ಅದು ಯಾವ ದೇಶದವರ ಹೆಸರಲ್ಲೇ ಇರಲಿ, ನಂಬಬೇಡಿ. ಇಂಗ್ಲೆಂಡಿನಲ್ಲಿ ಅಲನ್ ಟ್ಯೂರಿಂಗ್ 1948ರ ಸುಮಾರಿಗೆ ಕಾಗದದ ಮೇಲೆ ಇನ್ನೊಂದು ಚೆಸ್ ಪ್ರೋಗ್ರಾಂ ರೂಪಿಸಿದರು. ಅಮೆರಿಕದ ಕ್ಲಾಡ್ ಶಾನನ್ 1950ರಲ್ಲಿ ಇದೇ ವಿಷಯದ ಮೇಲೆ ಹೆಸರಾಂತ ಲೇಖನ ಪ್ರಕಟಿಸಿದರು. ಒಳ್ಳೆಯ ನಡೆಯನ್ನು ಆರಿಸುವುದು ಹೇಗೆ ಎಂಬ ಪ್ರಶ್ನೆಯನ್ನು ಮುಂದಕ್ಕೆ ಒಯ್ದವರು ಇವರೇ. ಝೂಸೆ ತೋರಿಸಿದ್ದು, ಚೆಸ್‌ನಂಥ ಆಟದ ನಿಯಮಗಳನ್ನು ಯಂತ್ರದ ಗೊಡವೆಯಿಲ್ಲದೆ ಒಂದು ಭಾಷೆಯಲ್ಲಿ ಖಚಿತವಾಗಿ ಬರೆಯಬಹುದು ಎಂಬುದನ್ನು.

ಮುಂದಿನ 50 ವರ್ಷಗಳಲ್ಲಿ ಯಂತ್ರವೊಂದು ಚೆಸ್ ವಿಶ್ವ ಚಾಂಪಿಯನ್ನನ್ನು ಸೋಲಿಸುತ್ತದೆ ಎಂದು 1938ರಲ್ಲೇ ಗೆಳೆಯರಿಗೆ ಹೇಳಿದ್ದಾಗಿ ಝೂಸೆ ನೆನಪಿಸಿಕೊಂಡಿದ್ದರು. ಅವರು ತೀರಿಕೊಂಡಿದ್ದು 1995ರ ಡಿಸೆಂಬರ್ 18ರಂದು. 1996ರ ಫೆಬ್ರವರಿ 10ರಂದು ಡೀಪ್ ಬ್ಲೂ, ಆಗಿನ ವಿಶ್ವ ಚಾಂಪಿಯನ್ ಕಾಸ್ಪರೋವ್ ವಿರುದ್ಧ ತನ್ನ ಮೊದಲ ಆಟ ಗೆದ್ದಿತು. ಎರಡು ತಿಂಗಳೂ ಕಳೆದಿರಲಿಲ್ಲ.