ಆಜ್ಞೆ ಮೀರಿದ ಗವರ್ನರ್

ಅವರ್ಸಾದಿಂದ ಹೆದ್ದಾರಿ ಹಿಡಿದು ಕಾರವಾರದ ಕಡೆಗೆ ನೀವು ಎಂದಾದರೂ ಹೋಗಿರಬಹುದು. ಹಾರವಾಡ, ಅಮದಳ್ಳಿ, ಚೆಂಡಿಯಾ ದಾಟಿ ಅರಗಾ ಸಮೀಪಿಸುವಾಗ ಎಡಗಡೆಯ ಕಡಲಿನಲ್ಲಿ ಅಂಜುದೀವ್ ಎಂಬ ಪುಟ್ಟ ದ್ವೀಪವಿದೆ. ಈಗ ಅದು ನೌಕಾಪಡೆಯ ಕದಂಬ ನೆಲೆಗೆ ಸೇರಿದೆ. 1961ರ ಡಿಸೆಂಬರಿನ ತನಕ ಅದು ಪೋರ್ಚುಗೀಸರ ಕೈಯಲ್ಲಿತ್ತು. ಬ್ರಿಟಿಷರು ದೇಶ ಬಿಟ್ಟುಹೋಗಿ ಹದಿನಾಲ್ಕು ವರ್ಷಗಳಾಗಿದ್ದರೂ ನಮ್ಮ ಮೀನುಗಾರರು ಬಲೆ ಬೀಸುವ ಕಡಲಿನ ನಡುವೆ ಪರದೇಶದ ಬಾವುಟ ಹಾರುತ್ತಿತ್ತು, ಪರದೇಶದ ಬಂದೂಕುಗಳು ಕಾವಲಿದ್ದವು.

ಸರ್ವಾಧಿಕಾರಿಯ ಕೆಳಗೆ ಬದುಕುವ ಸಂಕಟ ದೊಡ್ಡದೋ, ಅವನನ್ನು ತೊಲಗಿಸಲು ಮಾಡುವ ಯುದ್ಧದ ಪ್ರಾಣಹಾನಿ ದೊಡ್ಡದೋ? 2003ರಲ್ಲಿ ಇರಾಕಿನ ಮೇಲೆ ದಾಳಿಯಾದಾಗ ಈ ಪ್ರಶ್ನೆಯನ್ನು ನಾವು ನೀವೆಲ್ಲ ಮನೆಯ ಜಗಲಿಯಲ್ಲಿ ಕುಳಿತು ಚರ್ಚಿಸಿದ್ದೇವೆ. ದೂರದ ದೇಶದ ಸಂಗತಿಯೆಂಬಂತೆ ಮಾತಾಡಿದ್ದೇವೆ. ಆದರೆ ಇದೇ ಪ್ರಶ್ನೆ ನಮ್ಮ ಮನೆಬಾಗಿಲಿನಲ್ಲಿಯೇ ಒಮ್ಮೆ ಬಂದು ನಿಂತಿತ್ತು. ಅದಕ್ಕೆ ಒಂದೇ ರಾತ್ರಿಯಲ್ಲಿ ಉತ್ತರ ಹೇಳಬೇಕಾಗಿ ಬಂದ ಒಬ್ಬ ಮನುಷ್ಯನ ಜೀವನವನ್ನು ನಿಮ್ಮ ಮುಂದಿಡುತ್ತಿದ್ದೇನೆ. ಆತ ನಮ್ಮವನಲ್ಲ, ಎದುರಾಳಿಯ ಸೇನಾಧಿಪತಿ. ಗೋವಾದ ಕೊನೆಯ ಪೋರ್ಚುಗೀಸ್ ಗವರ್ನರ್ ಜನರಲ್ ಮಾನುಯೆಲ್ ಅಂತೋನಿಯೊ ವಸ್ಸಾಲೊ ಇ ಸಿಲ್ವಾ.

ಅವರು ಹುಟ್ಟಿದ್ದು 1899ರಲ್ಲಿ, ಪೋರ್ಚುಗಲ್ಲಿನ ತೋರಿಷ್ ನೋವಷ್ ಎಂಬ ಊರಿನಲ್ಲಿ. ಸೇನೆ ಸೇರಿ ಎಂಜಿನಿಯರ್ ಆದರು. ಅವರಿಗಿಂತ ಆರು ವರ್ಷ ಹಿರಿಯ ಅಕ್ಕ ಮರಿಯಾ ಲಾಮಷ್ ಹೆಸರಾಂತ ಲೇಖಕಿ. ತನ್ನ ದೇಶದ ಬಡ ಹೆಂಗಸರ ದುಡಿಮೆ ಮತ್ತು ಬವಣೆಯ ಬಗ್ಗೆ ಊರೂರು ಸುತ್ತಿ ಬರೆದವರು. 1932ರಿಂದ ದೇಶವನ್ನು ಮುಷ್ಟಿಯಲ್ಲಿ ಹಿಡಿದಿದ್ದ ಸರ್ವಾಧಿಕಾರಿ ಸಾಲಝಾರ್‌ನನ್ನು ವಿರೋಧಿಸಿದ್ದಕ್ಕಾಗಿ ಆಕೆ ಒಂದಕ್ಕಿಂತ ಹೆಚ್ಚು ಬಾರಿ ಸೆರೆಮನೆ ಕಂಡರು. ಒಂದೇ ತಾಯಿಯ ಮಕ್ಕಳಲ್ಲಿ ಅಕ್ಕ ಸರ್ವಾಧಿಕಾರಿಯ ಜೈಲಿನಲ್ಲಿ, ತಮ್ಮ ಸರ್ವಾಧಿಕಾರಿಯ ಸೇನೆಯಲ್ಲಿ! ಅಕ್ಕನನ್ನು ಬಂಧಿಸಿದಾಗ ತಮ್ಮ ಸಮವಸ್ತ್ರ ಕಳಚಿಡಲಿಲ್ಲ. ಇದನ್ನು ನಾವು ಮರೆಯಬಾರದು. ಹೊಟ್ಟೆಪಾಡು, ಪದವಿ, ರೂಢಿ ಇವು ಮನುಷ್ಯನನ್ನು ಎಷ್ಟೋ ವರ್ಷ ಮೂಕನನ್ನಾಗಿ ಇಡುತ್ತವೆ. ನಮ್ಮ ನಿಮ್ಮಲ್ಲಿ ಎಷ್ಟು ಮಂದಿ ಹಾಗಿಲ್ಲ?

1958ರಲ್ಲಿ ಅವರು ಗವರ್ನರ್ ಜನರಲ್ ಆಗಿ ಗೋವಾಕ್ಕೆ ಬಂದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಗೋವಾ ವಿಮೋಚನೆಯ ಹಿರಿಯ ನಾಯಕ ಟಿ. ಬಿ. ಕುನ್ಹಾ ಮುಂಬಯಿಯಲ್ಲಿ ತೀರಿಕೊಂಡರು. ಕುನ್ಹಾ ಮಾಡಿದ ಅಪರಾಧವಾದರೂ ಏನು? ನಾಗರಿಕ ಹಕ್ಕುಗಳನ್ನು ಕೇಳಿದ್ದು. ಅಷ್ಟಕ್ಕೆ 1946ರಲ್ಲಿ ಸೈನಿಕ ನ್ಯಾಯಾಲಯ ಅವರಿಗೆ ಎಂಟು ವರ್ಷಗಳ ಶಿಕ್ಷೆ ವಿಧಿಸಿ, ಸಮುದ್ರದಾಚೆ ಪೆನಿಷ್ ಕೋಟೆಯ ಸೆರೆಗೆ ಸಾಗಿಸಿತ್ತು. ಆ ವರ್ಷದ ಜೂನ್ 18ರಂದು ಮಡಗಾಂವಿನಲ್ಲಿ ಸಭೆ ನಡೆಸಿದ ರಾಮಮನೋಹರ ಲೋಹಿಯಾರನ್ನೂ ಹಿಡಿದಿದ್ದರು. ಗೋವಾದಲ್ಲಿ ಪತ್ರಿಕೆಗಳಿರಲಿ, ಮದುವೆಯ ಆಮಂತ್ರಣವನ್ನೂ ಅಚ್ಚಿಗೆ ಮೊದಲು ಅಧಿಕಾರಿಗಳಿಗೆ ತೋರಿಸಬೇಕಿತ್ತು. 1955ರ ಆಗಸ್ಟ್ 15ರಂದು ಬರಿಗೈಯಲ್ಲಿ ಗಡಿ ದಾಟಿದ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿಸಿದಾಗ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ಅದೇ ವರ್ಷ ಸೆರೆಸಿಕ್ಕ ಮೋಹನ ರಾನಡೆಯವರಿಗೆ ಬಿಡುಗಡೆಯಾದದ್ದು 1969ರಲ್ಲಿ. ಅಂದರೆ ಗೋವಾ ಸ್ವತಂತ್ರವಾದ ಮೇಲೂ ಏಳು ವರ್ಷ ಅವರು ಪೋರ್ಚುಗಲ್ಲಿನ ಸೆರೆಯಲ್ಲೇ ಇದ್ದರು!

ಯುದ್ಧದಲ್ಲಿ ಸತ್ತವರ ಲೆಕ್ಕ ಪತ್ರಿಕೆಗಳಲ್ಲಿ ಬರುತ್ತದೆ, ಕಲ್ಲಿನ ಮೇಲೆ ಕೆತ್ತಲ್ಪಡುತ್ತದೆ. ಸರ್ವಾಧಿಕಾರದಲ್ಲಿ ಸವೆದುಹೋದ ಇಂತಹ ವರ್ಷಗಳನ್ನು, ಆಡದೆ ನುಂಗಿದ ಮಾತುಗಳನ್ನು, ತಂದೆಯನ್ನು ಕಾಣದೆ ಬೆಳೆದ ಮಕ್ಕಳನ್ನು ಯಾರು ಲೆಕ್ಕವಿಡುತ್ತಾರೆ? ಎರಡನ್ನೂ ತೂಗುತ್ತೇವೆಂದು ಹೊರಟವರು ತಕ್ಕಡಿಯ ಒಂದು ತಟ್ಟೆಯಲ್ಲಿ ಅರ್ಧದಷ್ಟನ್ನೇ ಇಟ್ಟು ತೂಗುವುದುಂಟು.

ಹಾಗೆಂದು ಯುದ್ಧ ಅಗ್ಗವೆಂದು ತಿಳಿಯಬೇಡಿ. ಪ್ರಧಾನಿ ನೆಹರೂ ಹದಿನಾಲ್ಕು ವರ್ಷ ಮಾತುಕತೆಯ ದಾರಿ ಹುಡುಕಿದರು. ರಾಯಭಾರ, ಗಡಿ ಮುಚ್ಚುವುದು, ಆರ್ಥಿಕ ನಿರ್ಬಂಧ ಎಲ್ಲವೂ ನಡೆಯಿತು. ಗೋವಾ ಪರದೇಶವಲ್ಲ, ಪೋರ್ಚುಗಲ್ಲಿನದೇ ಒಂದು ಪ್ರಾಂತ್ಯ ಎಂಬ ಒಂದೇ ಪಲ್ಲವಿಯನ್ನು ಸಾಲಝಾರ್ ಹಾಡುತ್ತಿದ್ದ. ಆತ ತನ್ನ ಜೀವಮಾನದಲ್ಲಿ ಗೋವಾವನ್ನು ನೋಡಿದವನೇ ಅಲ್ಲ. 1961ರ ನವೆಂಬರಿನಲ್ಲಿ ಅಂಜುದೀವ್‌ನಿಂದ ಸಾಬರಮತಿ ಎಂಬ ಪ್ರಯಾಣಿಕರ ಹಡಗಿನ ಮೇಲೆ ಗುಂಡು ಹಾರಿತು. ಕೆಲವೇ ದಿನಗಳಲ್ಲಿ ಮೀನು ಹಿಡಿಯಲು ಹೋದ ಒಬ್ಬ ಬಡಪಾಯಿ ಗುಂಡಿಗೆ ಬಲಿಯಾದ. ನಮ್ಮ ಕರಾವಳಿಯ ತಾಳ್ಮೆಯ ಕಟ್ಟೆ ಒಡೆಯಿತು. ಸೇನೆ ಗಡಿಯತ್ತ ಹೊರಟಿತು.

ಈಗ ವಸ್ಸಾಲೊ ಇ ಸಿಲ್ವಾರ ಸ್ಥಿತಿಯನ್ನು ಯೋಚಿಸಿ. ಅವರ ಬಳಿ ನಾಲ್ಕು ಸಾವಿರಕ್ಕೂ ಕಡಿಮೆ ಸೈನಿಕರು, ಒಂದು ಹಳೆಯ ಯುದ್ಧನೌಕೆ. ಯುದ್ಧವಿಮಾನವೆಂಬುದೇ ಇಲ್ಲ. ಎದುರಿಗೆ ಹಲವು ಪಟ್ಟು ದೊಡ್ಡ ಸೇನೆ, ವಾಯುಪಡೆ, ನೌಕಾಪಡೆ. ನಡುವೆ ಸುಮಾರು ಆರು ಲಕ್ಷ ಗೋವಾದ ಜನ. ಡಿಸೆಂಬರ್ 14ರಂದು ಲಿಸ್ಬನ್ನಿನಿಂದ ಸಾಲಝಾರ್‌ನ ಸಂದೇಶ ಬಂತು. ಕದನವಿರಾಮ ಕೇಳಕೂಡದು, ಯಾರೂ ಸೆರೆಯಾಗಕೂಡದು. ಗೆದ್ದ ಸೈನಿಕರು ಇರಬೇಕು, ಇಲ್ಲವೇ ಸತ್ತ ಸೈನಿಕರು ಇರಬೇಕು ಎಂಬುದು ಅದರ ತಾತ್ಪರ್ಯ. ವಿಶ್ವಸಂಸ್ಥೆಯ ಮುಂದೆ ಗದ್ದಲವೆಬ್ಬಿಸಲು ಸಮಯ ಸಿಗಲೆಂದು ಕನಿಷ್ಠ ಎಂಟು ದಿನ ಕಾದಾಡಬೇಕೆಂದೂ ಇತ್ತು. ಹಿಮ್ಮೆಟ್ಟುವಾಗ ಮುಖ್ಯ ಕಟ್ಟಡಗಳನ್ನು ಕೆಡವಬೇಕೆಂಬ ಅಪೇಕ್ಷೆಯೂ ಇತ್ತು.

ಓದುಗರೇ, ಈ ಆಜ್ಞೆಯನ್ನು ಇನ್ನೊಮ್ಮೆ ಓದಿ ನೋಡಿ. ಅದರಲ್ಲಿ ಗೆಲ್ಲುವ ನಿರೀಕ್ಷೆಯೇ ಇಲ್ಲ. ಸಾಯುವವರ ಸಂಖ್ಯೆಯೇ ಅಲ್ಲಿ ಬೇಕಾದದ್ದು. ಹೆಣಗಳನ್ನು ಲೋಕದ ಮುಂದೆ ತೋರಿಸಿ ತನ್ನ ಮಾನ ಉಳಿಸಿಕೊಳ್ಳುವ ಹಂಚಿಕೆ ಅದು. ಸರ್ವಾಧಿಕಾರವನ್ನು ಸಹಿಸಿಕೊಂಡರೆ ಕಡೇಪಕ್ಷ ಯುದ್ಧದ ಸಾವುಗಳಾದರೂ ತಪ್ಪುತ್ತವೆ ಎಂದು ವಾದಿಸುವವರಿದ್ದಾರೆ. ಅಂಥವರು ಈ ತಂತಿಯನ್ನು ನೋಡಬೇಕು.

ಡಿಸೆಂಬರ್ 9ರಂದು ಇಂಡಿಯಾ ಎಂಬ ಹೆಸರಿನ ಹಡಗು ತಿಮೋರ್‌ನಿಂದ ಲಿಸ್ಬನ್ನಿಗೆ ಹೋಗುತ್ತಾ ಮುರ್ಮಗೋವಾಕ್ಕೆ ಬಂದಿತ್ತು. ಯಾರನ್ನೂ ಹತ್ತಿಸಬಾರದೆಂದು ಲಿಸ್ಬನ್ ಹೇಳಿತ್ತು. ಗವರ್ನರ್ ಕೇಳಲಿಲ್ಲ. 380 ಜನ ಹಿಡಿಸುವ ಹಡಗಿನಲ್ಲಿ ಸುಮಾರು 700 ಮಂದಿ ತುಂಬಿಕೊಂಡು ಹೋದರು. ಶೌಚಾಲಯಗಳಲ್ಲೂ ಜನ ನಿಂತಿದ್ದರಂತೆ. ಇದು ಅವರ ಮೊದಲ ಆಜ್ಞಾಭಂಗ. ಆದರೆ ಹಾಗೆ ಪಾರಾದವರು ಯುರೋಪ್ ಮೂಲದವರು. ಗೋವಾದ ಮಣ್ಣಿನ ಮಕ್ಕಳಿಗೆ ಆ ಹಡಗಿರಲಿಲ್ಲ. ಒಳ್ಳೆಯ ಕೆಲಸದಲ್ಲೂ ವಸಾಹತುಶಾಹಿಯ ಭೇದ ಹೇಗೆ ಅಂಟಿಕೊಂಡಿತ್ತೆಂಬುದನ್ನು ಗಮನಿಸಿ.

ಡಿಸೆಂಬರ್ 18ರ ನಸುಕಿಗೆ ಕಾರ್ಯಾಚರಣೆ ಆರಂಭವಾಯಿತು. ಮೇಜರ್ ಜನರಲ್ ಕಾಂಡೆತ್‌ರ ದಳಗಳು ಗೋವಾದೊಳಗೆ ನುಗ್ಗಿದವು. ದಾಬೋಳಿಯ ವಿಮಾನ ನಿಲ್ದಾಣದ ಮೇಲೆ ಬಾಂಬು ಬಿತ್ತು. ಪೋರ್ಚುಗೀಸರು ಕೆಲವು ಸೇತುವೆಗಳನ್ನು ಸ್ಫೋಟಿಸಿ ಹಿಂದೆ ಸರಿದರು. ಅವರ ಒಂದೇ ಯುದ್ಧನೌಕೆ ಅಫೋನ್ಸೊ ಡಿ ಅಲ್ಬುಕರ್ಕ್ ಹೊಡೆತ ತಿಂದು ದಡಕ್ಕೆ ಬಿತ್ತು. ನಮ್ಮ ಕಡೆ ಅತಿ ಹೆಚ್ಚು ರಕ್ತ ಹರಿದ ಜಾಗಗಳಲ್ಲಿ ಒಂದು ಅಂಜುದೀವ್. ತ್ರಿಶೂಲ್ ನೌಕೆಯಿಂದ ದೋಣಿಗಳಲ್ಲಿ ಇಳಿದ ನಾವಿಕರ ಮೇಲೆ ಮರೆಯಿಂದ ಗುಂಡಿನ ಮಳೆ ಸುರಿಯಿತು. ಏಳು ಮಂದಿ ಅಲ್ಲಿಯೇ ಪ್ರಾಣಬಿಟ್ಟರು. ಗೋವಾ ಸುಲಭವಾಗಿ ಸಿಕ್ಕಿತೆಂದು ಹೇಳುವವರು ಆ ಏಳು ಮನೆಗಳಲ್ಲಿ ಅದನ್ನು ಹೇಳಲಾರರು.

ಸೋಲು ನಿಶ್ಚಿತವೆಂಬುದು ಗವರ್ನರರಿಗೆ ಗೊತ್ತಿತ್ತು. ಎಂಟು ದಿನ ಹೋರಾಡಿದ್ದರೆ ಏನಾಗುತ್ತಿತ್ತು? ವಾಸ್ಕೋದ ಬೀದಿಗಳು, ಬಂದರಿನ ಸುತ್ತಲಿನ ಮನೆಗಳು ರಣರಂಗವಾಗುತ್ತಿದ್ದವು. ಲಿಸ್ಬನ್ನಿನಲ್ಲಿ ಅವರಿಗೆ ವೀರನೆಂಬ ಬಿರುದು ಸಿಗುತ್ತಿತ್ತು. ಅದರ ಬೆಲೆಯನ್ನು ಬೇರೆಯವರು ತೆರುತ್ತಿದ್ದರು. ಆಜ್ಞಾಪಾಲನೆಗೂ ಒಂದು ಎಲ್ಲೆಯಿದೆ, ಅಕ್ರಮದಲ್ಲಿ ಯಾರಿಗೂ ವಿಧೇಯರಾಗಬೇಕಿಲ್ಲ ಎಂಬುದನ್ನು ನಮ್ಮ ಮನೆಗಳಲ್ಲಿ ಮಕ್ಕಳಿಗೂ ಕಲಿಸುತ್ತೇವೆ. ಕಲಿಸುವುದು ಸುಲಭ. ಅರುವತ್ತೆರಡನೆಯ ವಯಸ್ಸಿನಲ್ಲಿ, ಜೀವಮಾನದ ಸೇವೆ, ಪದವಿ, ಪಿಂಚಣಿ, ಮರ್ಯಾದೆ ಎಲ್ಲವೂ ಒಂದು ಸಹಿಯ ಮೇಲೆ ನಿಂತಿರುವಾಗ ಹಾಗೆ ನಡೆಯುವುದು ಬೇರೆ. ಡಿಸೆಂಬರ್ 19ರ ರಾತ್ರಿ ಎಂಟೂವರೆ ಗಂಟೆಗೆ ವಾಸ್ಕೋದಲ್ಲಿ, ಮೋಟಾರು ದೀಪಗಳ ಬೆಳಕಿನಲ್ಲಿ, ಅವರು ಶರಣಾಗತಿಗೆ ಸಹಿ ಹಾಕಿದರು. ನಾಲ್ಕೂವರೆ ಶತಮಾನಗಳ ಆಳ್ವಿಕೆ ಮುಗಿಯಿತು. ಭಾರತದ 22 ಯೋಧರು, ಪೋರ್ಚುಗೀಸರ ಸುಮಾರು 30 ಮಂದಿ ಸತ್ತಿದ್ದರು.

ಶರಣಾಗತಿಯ ಸುದ್ದಿ ಎಲ್ಲರಿಗೂ ಒಮ್ಮೆಗೇ ಮುಟ್ಟಲಿಲ್ಲ. ಅಂಜುದೀವ್‌ನ ಬಂಡೆಗಳ ನಡುವೆ ಅಡಗಿದ್ದ ಒಬ್ಬ ಪೋರ್ಚುಗೀಸ್ ಸಿಪಾಯಿ ಕೊನೆಗೆ ಈಜಿಕೊಂಡು ನಮ್ಮ ದಡ ಸೇರಿ ಡಿಸೆಂಬರ್ 22ರಂದು ಸೆರೆಸಿಕ್ಕ. ಸಾಯಬೇಕೆಂದು ಅವನಿಗೂ ಆಜ್ಞೆಯಾಗಿತ್ತು, ಪಾಪ!

ಸುಮಾರು 4,600 ಮಂದಿ ಸೆರೆಯಾಗಿದ್ದರು. ಅವರನ್ನು ಹಿಂದಕ್ಕೆ ಕರೆಸಿಕೊಳ್ಳಲು ಸಾಲಝಾರ್‌ಗೆ ಆತುರವಿರಲಿಲ್ಲ. ಬದುಕಿ ಬಂದದ್ದೇ ಅವರ ತಪ್ಪು. ಸೇಡಿಗೆ ಮೊಝಾಂಬಿಕ್‌ನಲ್ಲಿ ವ್ಯಾಪಾರ ಮಾಡಿಕೊಂಡಿದ್ದ ನಿರಪರಾಧಿ ಭಾರತೀಯರನ್ನು ಸಾವಿರಗಟ್ಟಲೆ ಶಿಬಿರಗಳಿಗೆ ದೂಡಿದ, ಆಸ್ತಿ ಕಿತ್ತುಕೊಂಡು ಹೊರಗಟ್ಟಿದ. 1962ರ ಮೇ ತಿಂಗಳಲ್ಲಿ ಕೈದಿಗಳು ಕರಾಚಿಯ ಮೂಲಕ ಲಿಸ್ಬನ್ ಸೇರಿದಾಗ ಅವರನ್ನು ಎದುರುಗೊಂಡದ್ದು ಮಿಲಿಟರಿ ಪೊಲೀಸರು. 1963ರಲ್ಲಿ ವಸ್ಸಾಲೊ ಇ ಸಿಲ್ವಾರನ್ನು ಸೇನೆಯಿಂದ ಹೊರದಬ್ಬಲಾಯಿತು. ಹಿಂಜರಿದು ಓಡಿದವ ಎಂಬ ಅರ್ಥ ಬರುವಂತೆ ಅವರ ಹೆಸರನ್ನೇ ತಿರುಚಿ ಗೇಲಿ ಮಾಡಿದರು. ಅಕ್ಕ ಅಷ್ಟರಲ್ಲಿ ದೇಶ ಬಿಟ್ಟು ಪ್ಯಾರಿಸ್ಸಿನಲ್ಲಿ ಆಶ್ರಯ ಪಡೆದಿದ್ದರು. ಈಗ ಇಬ್ಬರಿಗೂ ಒಂದೇ ಗತಿ.

ಸಾಲಝಾರ್ ಆಫ್ರಿಕಾದಲ್ಲಿ ಗೋವಾದ ಪಾಠ ಕಲಿಯಲಿಲ್ಲ. ಅಂಗೋಲ, ಗಿನಿ, ಮೊಝಾಂಬಿಕ್‌ಗಳಲ್ಲಿ ಹದಿಮೂರು ವರ್ಷ ಯುದ್ಧ ನಡೆಯಿತು. ಆಫ್ರಿಕಾದ ಜನರೂ ಪೋರ್ಚುಗಲ್ಲಿನ ರೈತರ ಮಕ್ಕಳೂ ಸಾವಿರ ಸಾವಿರವಾಗಿ ಸತ್ತರು. ಆತ 1970ರಲ್ಲಿ ತೀರಿಕೊಂಡ ಮೇಲೂ ಯುದ್ಧ ನಿಲ್ಲಲಿಲ್ಲ. ಕೊನೆಗೆ 1974ರ ಏಪ್ರಿಲ್ 25ರಂದು, ಯುದ್ಧದಿಂದ ಬೇಸತ್ತ ಸೇನಾಧಿಕಾರಿಗಳೇ ಎದ್ದು ಆ ಆಡಳಿತವನ್ನು ಕೆಡವಿದರು. ಲಿಸ್ಬನ್ನಿನ ಜನ ಅವರ ಬಂದೂಕುಗಳಿಗೆ ಹೂ ಸಿಕ್ಕಿಸಿದರು.

ಹೊಸ ಸರಕಾರ ವಸ್ಸಾಲೊ ಇ ಸಿಲ್ವಾರ ಪದವಿಯನ್ನು ಮರಳಿ ಕೊಟ್ಟಿತು. ಮುಂದೆ ಅವರು ಒಮ್ಮೆ ಗೋವಾಕ್ಕೆ ಅತಿಥಿಯಾಗಿ ಬಂದರು. ಯಾವ ಜನರ ಮೇಲೆ ಪರದೇಶದ ಪರವಾಗಿ ಆಳಿದ್ದರೋ ಆ ಜನ ಅವರನ್ನು ಆದರದಿಂದ ಬರಮಾಡಿಕೊಂಡರು. 1985ರ ಆಗಸ್ಟಿನಲ್ಲಿ ಅವರು ಲಿಸ್ಬನ್ನಿನಲ್ಲಿ ನಿಧನರಾದರು. ನೀವು ಪಣಜಿಗೆ ಹೋದರೆ ಮಾಂಡೋವಿಯ ದಂಡೆಯಲ್ಲಿ ಬಿಜಾಪುರದ ಆದಿಲಶಾಹಿಗಳು ಕಟ್ಟಿಸಿದ ಹಳೆಯ ಅರಮನೆ ಕಾಣುತ್ತದೆ. ಪೋರ್ಚುಗೀಸರ ಕಾಲದಲ್ಲಿ ಅದು ಗವರ್ನರರ ನಿವಾಸವಾಗಿತ್ತು, ಆಮೇಲೆ ಕಚೇರಿಯಾಯಿತು. ಅದು ಇಂದಿಗೂ ನಿಂತಿದೆ.