ಟ್ರಾಂ ಗಾಡಿಯ ಶಿಲ್ಪಿ ಫ್ರಾಂಕ್ ಸ್ಪ್ರೇಗ್

ವಿದ್ಯುತ್ತಿನ ಮಾತು ಬಂದಾಗ ನಮ್ಮ ನಾಲಗೆಗೆ ಮೊದಲು ಬರುವ ಹೆಸರು ಎಡಿಸನ್ನನದು. ದೀಪ ಬೆಳಗಿಸಿದವನ ಕೀರ್ತಿ ಮನೆಮನೆಯ ಮಾತಾಗಿದೆ. ಆದರೆ ಅದೇ ವಿದ್ಯುತ್ತಿನಿಂದ ಪಟ್ಟಣದ ಬೀದಿಯಲ್ಲಿ ಗಾಡಿಗಳನ್ನು ಓಡಿಸಿ, ಸಾವಿರಾರು ಕುದುರೆಗಳ ಕೊರಳಿನಿಂದ ಭಾರವನ್ನಿಳಿಸಿದವನು ಯಾರೆಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ಸುಮ್ಮನಾಗುತ್ತೇವೆ. ಎಂಜಿನಿಯರುಗಳು ಮಾತ್ರ ಅವನನ್ನು ವಿದ್ಯುತ್ ಸಾರಿಗೆಯ ಪಿತಾಮಹನೆಂದು ಇಂದಿಗೂ ಗೌರವಿಸುತ್ತಾರೆ. ಅವನೇ ಅಮೆರಿಕದ ಫ್ರಾಂಕ್ ಜೂಲಿಯನ್ ಸ್ಪ್ರೇಗ್. ಅವನ ಬಾಳನ್ನು ಸ್ಥೂಲವಾಗಿ ಪರಿಚಯ ಮಾಡಿಕೊಡುವುದು ಈ ಲೇಖನದ ಉದ್ದೇಶ.

ಸ್ಪ್ರೇಗನು ಹುಟ್ಟಿದ್ದು 1857ನೆಯ ಜುಲೈ 25ರಂದು, ಕನೆಕ್ಟಿಕಟ್ ಸಂಸ್ಥಾನದ ಮಿಲ್ಫರ್ಡ್ ಎಂಬ ಊರಿನಲ್ಲಿ. ಬಾಲ್ಯ ಸುಖದ್ದಾಗಿರಲಿಲ್ಲ. ಇನ್ನೂ ಎಂಟು ವರ್ಷದ ಹುಡುಗನಾಗಿದ್ದಾಗ, 1866ರಲ್ಲಿ, ತಾಯಿ ತೀರಿಕೊಂಡಳು. ತಂದೆ ಜೀವನೋಪಾಯವನ್ನರಸಿ ಪಶ್ಚಿಮದ ಕಡೆಗೆ ಹೊರಟುಹೋದನು. ಹುಡುಗನನ್ನು ಸಾಕಿದವಳು ಮ್ಯಾಸಚೂಸೆಟ್ಸಿನ ನಾರ್ತ್ ಆಡಮ್ಸ್‌ನಲ್ಲಿದ್ದ ಅವನ ಸೋದರತ್ತೆ. ಆಕೆ ಶಾಲೆಯ ಉಪಾಧ್ಯಾಯಿನಿ. ಮನೆಯಲ್ಲಿ ಸಿರಿಯಿರಲಿಲ್ಲ, ಪುಸ್ತಕವಿತ್ತು. ಆ ಊರಿನ ಹೈಸ್ಕೂಲಿನಲ್ಲಿ ಗಣಿತದಲ್ಲಿ ಅವನನ್ನು ಮೀರಿಸುವವರಿರಲಿಲ್ಲ.

ಮುಂದಿನ ಓದಿಗೆ ಹಣವಿಲ್ಲ. ಸರ್ಕಾರದ ಖರ್ಚಿನಲ್ಲಿ ಓದಬಹುದೆಂದು 1874ರಲ್ಲಿ ವೆಸ್ಟ್ ಪಾಯಿಂಟ್ ಸೈನಿಕ ವಿದ್ಯಾಲಯದ ಪ್ರವೇಶಪರೀಕ್ಷೆಗೆ ಕೂರಲು ಸ್ಪ್ರಿಂಗ್‌ಫೀಲ್ಡಿಗೆ ಹೋದನು. ಹೋಗಿ ನೋಡಿದರೆ ಅಲ್ಲಿ ನಡೆಯುತ್ತಿದ್ದುದು ಅನಾಪೊಲಿಸಿನ ನೌಕಾ ವಿದ್ಯಾಲಯದ ಪರೀಕ್ಷೆ! ಬಂದದ್ದಾಯಿತು, ಬರೆದೇ ಬಿಡೋಣವೆಂದು ಕುಳಿತನು. ಎಲ್ಲರಿಗಿಂತ ಹೆಚ್ಚು ಅಂಕಗಳು ಅವನಿಗೇ ಬಂದವು. ಊರಿನವರಲ್ಲಿ ಸಾಲ ಮಾಡಿ ವಿದ್ಯಾಲಯವನ್ನು ಸೇರಿದನು. ಮನೆಯಲ್ಲಿ ಮೊದಲಿಗರಾಗಿ ಕಾಲೇಜಿನ ಮೆಟ್ಟಿಲು ಹತ್ತಿದ ನನ್ನಂಥ ಹಲವರಿಗೆ ಸಾಲದ ಈ ಸಂಗತಿ ಹೊಸತೆನಿಸಲಾರದು.

1878ರಲ್ಲಿ ಸ್ಪ್ರೇಗನು ಒಳ್ಳೆಯ ಶ್ರೇಣಿಯಲ್ಲಿ ತೇರ್ಗಡೆಯಾಗಿ ನೌಕಾದಳವನ್ನು ಸೇರಿದನು. ಹಡಗಿನಲ್ಲಿದ್ದರೂ ಅವನ ಮನಸ್ಸೆಲ್ಲ ವಿದ್ಯುತ್ತಿನ ಮೇಲೆ. ಲ್ಯಾಂಕಾಸ್ಟರ್ ಎಂಬ ಹಡಗಿನಲ್ಲಿ ವಿದ್ಯುತ್ ಕರೆಗಂಟೆಗಳನ್ನು ಜೋಡಿಸಿದನು. ಅಮೆರಿಕದ ನೌಕಾದಳದಲ್ಲಿ ಅಂಥ ಏರ್ಪಾಡು ಅದೇ ಮೊದಲು. 1882ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ಸಿನಲ್ಲಿ ವಿದ್ಯುತ್ ಪ್ರದರ್ಶನ ನಡೆದಾಗ ರಜೆ ಪಡೆದು ಹೋಗಿ, ಪರೀಕ್ಷಕಮಂಡಲಿಯೊಂದರ ಕಾರ್ಯದರ್ಶಿಯಾಗಿ ಕೆಲಸ ಮಾಡಿದನು. ಆ ದಿನಗಳಲ್ಲಿ ಅವನು ಓಡಾಡುತ್ತಿದ್ದುದು ಲಂಡನ್ನಿನ ಸುರಂಗ ರೈಲಿನಲ್ಲಿ. ಆಗ ಆ ರೈಲನ್ನು ಎಳೆಯುತ್ತಿದ್ದುದು ಉಗಿ ಎಂಜಿನ್ನು. ನೆಲದಡಿಯ ಸುರಂಗದ ತುಂಬ ಹೊಗೆ, ಗಂಧಕದ ನಾತ. ಉಸಿರು ಕಟ್ಟಿಸುವ ಆ ಪ್ರಯಾಣದಲ್ಲಿಯೇ, ರೈಲುಗಾಡಿಗೆ ವಿದ್ಯುತ್ತನ್ನು ಹೂಡಬೇಕೆಂಬ ಯೋಚನೆ ಅವನ ಮನಸ್ಸಿನಲ್ಲಿ ಬೇರೂರಿತು.

ಆ ಪ್ರದರ್ಶನದಲ್ಲಿ ಎಡಿಸನ್ನನ ಜೊತೆಗಾರನಾದ ಎಡ್ವರ್ಡ್ ಜಾನ್ಸನ್ನನ ಪರಿಚಯವಾಯಿತು. ಅವನ ಪ್ರೇರಣೆಯಿಂದ 1883ರಲ್ಲಿ ಸ್ಪ್ರೇಗನು ನೌಕಾದಳಕ್ಕೆ ರಾಜೀನಾಮೆಯಿತ್ತು ಎಡಿಸನ್ನನ ಬಳಿ ಕೆಲಸಕ್ಕೆ ಸೇರಿದನು. ಪಟ್ಟಣಕ್ಕೆ ದೀಪದ ತಂತಿಗಳನ್ನು ಎಳೆಯುವಾಗ ಎಲ್ಲಿ ಎಷ್ಟು ದಪ್ಪದ ತಂತಿ ಬೇಕೆಂಬುದನ್ನು ಗಣಿತದಿಂದಲೇ ಕಂಡುಹಿಡಿಯುವ ಕ್ರಮವನ್ನು ಅಲ್ಲಿ ರೂಢಿಗೆ ತಂದನು. ಆದರೆ ಎಡಿಸನ್ನನ ಲಕ್ಷ್ಯ ದೀಪದ ಮೇಲೆ, ಸ್ಪ್ರೇಗನ ಲಕ್ಷ್ಯ ಮೋಟಾರಿನ ಮೇಲೆ. ವರ್ಷ ಕಳೆಯುವುದರೊಳಗೆ ಅಲ್ಲಿಂದ ಹೊರಬಂದು, 1884ರಲ್ಲಿ ತನ್ನ ಹೆಸರಿನಲ್ಲಿಯೇ ಒಂದು ಕಂಪನಿಯನ್ನು ಸ್ಥಾಪಿಸಿದನು. ಹೊರೆ ಹೆಚ್ಚಾದರೂ ಕಡಮೆಯಾದರೂ ಒಂದೇ ವೇಗದಲ್ಲಿ ತಿರುಗುವ ಮೋಟಾರನ್ನು ನಿರ್ಮಿಸಿ ಹೆಸರು ಪಡೆದನು.

ನ್ಯೂಯಾರ್ಕಿನ ಮೇಲ್ಸೇತುವೆ ರೈಲನ್ನು ವಿದ್ಯುತ್ತಿನಿಂದ ಓಡಿಸಿ ತೋರಿಸಬೇಕೆಂಬುದು ಅವನ ಮೊದಲ ಆಸೆ. ಆ ರೈಲಿನ ಒಡೆತನದಲ್ಲಿ ದೊಡ್ಡ ಪಾಲುಗಾರನಾಗಿದ್ದ ಕೋಟ್ಯಧೀಶ ಜೇ ಗೌಲ್ಡನು ಪ್ರಯೋಗವನ್ನು ನೋಡಲು ಬಂದು ಗಾಡಿಯಲ್ಲಿ ನಿಂತಿದ್ದಾಗ, ಹತ್ತಿರದಲ್ಲಿಯೇ ಒಂದು ಫ್ಯೂಸು ಢಂ ಎಂದು ಸುಟ್ಟಿತು. ಗೌಲ್ಡನು ಬೆಚ್ಚಿ ಗಾಡಿಯಿಂದ ಹಾರಲು ಹೊರಟನು. ಫ್ಯೂಸು ಸುಡುವುದೇ ಗಾಡಿಯನ್ನು ಕಾಪಾಡುವ ಏರ್ಪಾಡೆಂದು ವಿವರಿಸಿದರೂ ಅವನಿಗೆ ಸಮಾಧಾನವಾಗಲಿಲ್ಲ. ಮತ್ತೆ ಆ ಕಡೆ ಸುಳಿಯಲಿಲ್ಲ. ಮೇಲ್ಸೇತುವೆಯ ಬಾಗಿಲು ಮುಚ್ಚಿದ್ದರಿಂದ ಸ್ಪ್ರೇಗನು ಬೀದಿಗೆ ಇಳಿದನು.

ಆಗ ಪಟ್ಟಣಗಳಲ್ಲಿದ್ದುದು ಕುದುರೆ ಟ್ರಾಂ. 1872ರಲ್ಲಿ ಕುದುರೆಗಳಿಗೆ ಸಾಂಕ್ರಾಮಿಕ ಜಾಡ್ಯ ಬಂದು ಅಮೆರಿಕದ ಪಟ್ಟಣಗಳ ಸಂಚಾರವೇ ನಿಂತುಹೋಗಿದ್ದುದು ಜನರ ನೆನಪಿನಲ್ಲಿತ್ತು. ವಿದ್ಯುತ್ ಟ್ರಾಮನ್ನು ಓಡಿಸಿದವರಲ್ಲಿ ಸ್ಪ್ರೇಗನೇ ಮೊದಲಿಗನಲ್ಲ. 1881ರಲ್ಲಿ ಬರ್ಲಿನ್ನಿನ ಬಳಿ ಸೀಮೆನ್ಸ್ ಓಡಿಸಿದ್ದನು. ಅಮೆರಿಕದಲ್ಲಿಯೂ ವಾನ್ ಡಪೂಲ್ ಮೊದಲಾದವರು ಯತ್ನಿಸಿದ್ದರು. ಆದರೆ ಒಂದು ದೊಡ್ಡ ಪಟ್ಟಣದ ಸಂಚಾರವನ್ನೆಲ್ಲ ಹೊತ್ತು, ಏರು ಇಳಿತಗಳಲ್ಲಿ ದಿನವೂ ತಪ್ಪದೆ ಓಡುವ ವ್ಯವಸ್ಥೆ ಇನ್ನೂ ಕನಸಾಗಿತ್ತು.

1887ರಲ್ಲಿ ವರ್ಜೀನಿಯದ ರಿಚ್ಮಂಡ್ ನಗರದಿಂದ ಗುತ್ತಿಗೆ ಬಂದಿತು. ಹನ್ನೆರಡು ಮೈಲಿ ಹಾದಿ, ನಲವತ್ತು ಗಾಡಿಗಳು, ವಿದ್ಯುದಾಗಾರ, ಎಲ್ಲವನ್ನೂ ತೊಂಬತ್ತು ದಿನಗಳಲ್ಲಿ ಸಿದ್ಧಪಡಿಸಬೇಕು. ತೃಪ್ತಿಕರವಾಗಿ ನಡೆದರೆ 1,10,000 ಡಾಲರು, ಇಲ್ಲವಾದರೆ ಏನೂ ಇಲ್ಲ. ಸ್ಪ್ರೇಗನು ಒಪ್ಪಿದನು. ಒಪ್ಪಿದ ಮೇಲೆ ಹಾದಿಯನ್ನು ಕಣ್ಣಾರೆ ಕಂಡಾಗ ಎದೆಗುಂದಿದನು. ಜೇಡಿಮಣ್ಣಿನ ಮೇಲೆ ಸಡಿಲವಾಗಿ ಹಾಸಿದ ಕಂಬಿಗಳು. ಕೆಲವೆಡೆ ನೂರು ಅಡಿ ಸಾಗುವಷ್ಟರಲ್ಲಿ ಹತ್ತು ಅಡಿ ಏರುವ ದಿಬ್ಬಗಳು.

ಈ ಏರಿನ ಕಷ್ಟವನ್ನು ಸ್ವಲ್ಪ ವಿವರಿಸಬೇಕು. ಎತ್ತಿನ ಗಾಡಿ ದಿಬ್ಬವೇರುವಾಗ ನೆಲವನ್ನು ಹಿಡಿದು ಮೀಟುವುದು ಎತ್ತಿನ ಗೊರಸು; ಗಾಲಿಯು ಸುಮ್ಮನೆ ಉರುಳಿದರೆ ಸಾಕು. ಕುದುರೆ ಟ್ರಾಮಿನಲ್ಲಿಯೂ ಅಷ್ಟೆ. ವಿದ್ಯುತ್ ಗಾಡಿಯಲ್ಲಾದರೋ ಗಾಲಿಯೇ ಕಂಬಿಯನ್ನು ಕಚ್ಚಿ ಹಿಡಿದು ಮುಂದಕ್ಕೆ ನೂಕಬೇಕು. ನುಣುಪಾದ ಲೋಹದ ಮೇಲೆ ನುಣುಪಾದ ಲೋಹ. ಹಿಡಿತ ಬಹಳ ಕಡಮೆ. ಮಳೆ ಹನಿದರೆ, ತರಗೆಲೆ ಬಿದ್ದು ನೆನೆದರೆ, ಗಾಲಿ ನಿಂತಲ್ಲೇ ಗಿರಗಿರನೆ ತಿರುಗುತ್ತದೆ. ಇಳಿತದಲ್ಲಿ ಬ್ರೇಕು ಹಾಕಿದರೂ ಗಾಡಿ ಜಾರುತ್ತದೆ. ಇದಕ್ಕೆ ಟ್ರಾಂ ಗಾಡಿಗಳಲ್ಲಿ ರೂಢಿಯಾದ ಉಪಾಯ ಮರಳು. ಗಾಡಿಯೊಳಗೆ ಮರಳಿನ ಪೆಟ್ಟಿಗೆ. ಅದರಿಂದ ಗಾಲಿಯ ಮುಂದಕ್ಕೆ ಇಳಿಯುವ ಕೊಳವೆ. ಚಾಲಕನು ಕಾಲಿನಿಂದ ಒತ್ತಿದರೆ ಕಂಬಿಯ ಮೇಲೆ ಮರಳು ಉದುರುತ್ತದೆ, ಗಾಲಿ ಅದನ್ನು ಅರೆದು ಹಿಡಿತ ಪಡೆಯುತ್ತದೆ. ಮರಳು ಒದ್ದೆಯಾದರೆ ಕೊಳವೆ ಕಟ್ಟಿಕೊಳ್ಳುವುದರಿಂದ ಅದನ್ನು ಒಲೆಯ ಮೇಲೆ ಒಣಗಿಸಿ ತುಂಬಬೇಕು. ಹಾಗೆಂದು ಧಾರಾಳವಾಗಿ ಸುರಿಯುವಂತೆಯೂ ಇಲ್ಲ. ಮೇಲಿನ ತಂತಿಯಿಂದ ಬಂದ ವಿದ್ಯುತ್ತು ಗಾಲಿಯ ಮೂಲಕ ಕಂಬಿಗೆ ಹರಿದು ಹಿಂದಿರುಗಬೇಕಾದ್ದರಿಂದ, ನಡುವೆ ಮರಳು ಹೆಚ್ಚಾದರೆ ಆ ಹರಿವೇ ಕಡಿಯುತ್ತದೆ. ಹಿಡಿ ಮರಳಿಗೂ ಹದ ಬೇಕು.

ಮರಳಿಗಿಂತ ಮೂಲದ ಪರಿಹಾರವನ್ನು ಸ್ಪ್ರೇಗನು ಗಾಡಿಯ ರಚನೆಯಲ್ಲಿಯೇ ಇಟ್ಟನು. ಎಳೆಯುವ ಎಂಜಿನ್ನು ಬೇರೆ, ಹೊರುವ ಗಾಡಿ ಬೇರೆ ಎಂದಾದರೆ ಎಂಜಿನ್ನಿನ ತೂಕ ಮಾತ್ರ ಹಿಡಿತಕ್ಕೆ ಒದಗುತ್ತದೆ. ಅವನು ಗಾಡಿಯ ಎರಡು ಅಚ್ಚುಗಳಿಗೂ ಒಂದೊಂದು ಮೋಟಾರನ್ನು ಕೂಡಿಸಿದನು. ಆದ್ದರಿಂದ ಗಾಡಿಯ ತೂಕ, ಜನರ ತೂಕ ಎಲ್ಲವೂ ತಿರುಗುವ ಗಾಲಿಗಳ ಮೇಲೆಯೇ ಬಿದ್ದು ಹಿಡಿತವನ್ನು ಹೆಚ್ಚಿಸಿತು. ಮೋಟಾರಿನ ಒಂದು ಬದಿಯನ್ನು ಅಚ್ಚಿನ ಮೇಲೂ ಇನ್ನೊಂದು ಬದಿಯನ್ನು ಸ್ಪ್ರಿಂಗಿನ ಮೇಲೂ ನಿಲ್ಲಿಸಿದ್ದರಿಂದ, ಹಾದಿ ಎಷ್ಟು ಕುಲುಕಿದರೂ ಹಲ್ಲುಗಾಲಿಗಳು ಒಂದನ್ನೊಂದು ಬಿಡುತ್ತಿರಲಿಲ್ಲ. ತೂಗುಹಾಕಿದ ಈ ಕ್ರಮ ಮುಂದೆ ಲೋಕದಲ್ಲೆಲ್ಲ ಬಳಕೆಗೆ ಬಂದಿತು.

ಕೆಲಸ ಮೊದಲಾದೊಡನೆ ಅವನು ವಿಷಮಶೀತಜ್ವರದಿಂದ ಹಾಸಿಗೆ ಹಿಡಿದನು. ಗ್ರೀನ್ ಮತ್ತು ಕ್ರಾಸ್ಬಿ ಎಂಬ ಇಬ್ಬರು ತರುಣ ಸಹಾಯಕರು ಭಾರ ಹೊತ್ತರು. ಚೇತರಿಸಿಕೊಂಡು ಬಂದ ಮೇಲೆ ಒಂದು ರಾತ್ರಿ ಕಡಿದಾದ ಏರಿನ ಪರೀಕ್ಷೆ ನಡೆಯಿತು. ಗಾಡಿ ಯಾವ ಹಗ್ಗದ ನೆರವೂ ಇಲ್ಲದೆ ದಿಬ್ಬಗಳನ್ನು ಹತ್ತಿಯೇಬಿಟ್ಟಿತು! ಗಾಲಿಯ ಹಿಡಿತದ ಪ್ರಶ್ನೆಗೆ ಉತ್ತರ ಸಿಕ್ಕಿತು. ಆದರೆ ಮೋಟಾರು ಮಿತಿಮೀರಿ ಬಿಸಿಯಾಗಿ, ಮೇಲೆ ತಲುಪಿದ ಮೇಲೆ ಕೆಟ್ಟು ನಿಂತಿತು. ಸುತ್ತಲೂ ಜನ ನೆರೆದಿದ್ದರು. ಸ್ಪ್ರೇಗನು ಗ್ರೀನನಿಗೆ ಉಪಕರಣಗಳನ್ನು ತರಲು ಎಲ್ಲರೂ ಕೇಳುವಂತೆ ಹೇಳಿ, ದೀಪವಾರಿಸಿ, ಗಾಡಿಯೊಳಗೆ ಬೆಂಚಿನ ಮೇಲೆ ಮಲಗಿಬಿಟ್ಟನು. ಕಾದು ಬೇಸತ್ತ ಜನ ಚೆದುರಿದ ಮೇಲೆ ಗ್ರೀನನ ಉಪಕರಣಗಳು ಕತ್ತಲಲ್ಲಿ ಬಂದವು. ಅವು ಬಲವಾದ ಹೇಸರಗತ್ತೆಗಳು! ಕುದುರೆಗಳಿಗೆ ಬಿಡುಗಡೆ ಕೊಡಿಸಲು ಹೊರಟ ಗಾಡಿಯನ್ನು ಆ ರಾತ್ರಿ ಹೇಸರಗತ್ತೆಗಳು ಎಳೆದುಕೊಂಡು ಹೋದವು.

ಮುಂದೆಯೂ ಮೋಟಾರುಗಳು ಸುಟ್ಟವು, ಹಲ್ಲುಗಾಲಿಗಳು ಮುರಿದವು. ಒಂದೊಂದನ್ನೂ ತಿದ್ದುತ್ತ, 1888ನೆಯ ಫೆಬ್ರವರಿ 2ರಂದು ರಿಚ್ಮಂಡಿನ ಸಂಚಾರವನ್ನು ಆರಂಭಿಸಿಯೇ ಬಿಟ್ಟರು. ಗುತ್ತಿಗೆಯಲ್ಲಿ ಕಂಪನಿಗೆ ಸುಮಾರು 75,000 ಡಾಲರು ನಷ್ಟವಾಯಿತು. ಕೀರ್ತಿಯೊಂದೇ ಲಾಭ.

ಆ ವರ್ಷದ ಬೇಸಿಗೆಯಲ್ಲಿ ಬಾಸ್ಟನ್ ನಗರದ ಟ್ರಾಂ ಒಡೆಯ ಹೆನ್ರಿ ವಿಟ್ನಿ ನೋಡಲು ಬಂದನು. ಅನೇಕ ಗಾಡಿಗಳು ಒಂದೆಡೆ ಸೇರಿದರೆ ಈ ವ್ಯವಸ್ಥೆ ಎಳೆಯಲಾರದೆಂಬುದು ಅವನ ಕಡೆಯವರ ಶಂಕೆ. ಸ್ಪ್ರೇಗನು ರಾತ್ರಿ ಸಂಚಾರ ನಿಂತ ಮೇಲೆ, ನಾಲ್ಕು ಗಾಡಿಗಳಿಗೆಂದು ರಚಿಸಿದ್ದ ಭಾಗದಲ್ಲಿ ಇಪ್ಪತ್ತೆರಡು ಗಾಡಿಗಳನ್ನು ಸಾಲಾಗಿ ನಿಲ್ಲಿಸಿದನು. ಲಾಂದ್ರದ ಸನ್ನೆಯಾದೊಡನೆ ಒಂದರ ಹಿಂದೊಂದು ಹೊರಟವು. ವಿದ್ಯುತ್ತಿನ ಒತ್ತಡ ಕುಸಿದು ದೀಪಗಳು ಮಂಕಾದರೂ ಒಂದು ಗಾಡಿಯೂ ನಿಲ್ಲಲಿಲ್ಲ. ವಿಟ್ನಿಯು ವಿದ್ಯುತ್ತನ್ನೇ ಆರಿಸಿಕೊಂಡನು. ಎರಡು ವರ್ಷಗಳು ಕಳೆಯುವಷ್ಟರಲ್ಲಿ ನೂರಕ್ಕೂ ಹೆಚ್ಚು ಟ್ರಾಂ ಮಾರ್ಗಗಳು ಸ್ಪ್ರೇಗನ ಸಲಕರಣೆಗಳಿಂದ ಸಿದ್ಧವಾಗಿದ್ದವು, ಇಲ್ಲವೆ ಸಿದ್ಧವಾಗುವುದರಲ್ಲಿದ್ದವು.

ಗೆಲುವಿನ ಬೆನ್ನಲ್ಲೇ ಕಹಿಯೂ ಬಂದಿತು. 1890ರಲ್ಲಿ ಅವನ ಕಂಪನಿಯನ್ನು ಎಡಿಸನ್ ಜನರಲ್ ಎಲೆಕ್ಟ್ರಿಕ್ ಕಂಪನಿ ನುಂಗಿತು. ಅವನು ಕಟ್ಟಿದ ಯಂತ್ರಗಳ ಮೇಲಿಂದ ಅವನ ಹೆಸರು ಮರೆಯಾಗಿ ಎಡಿಸನ್ನನ ಹೆಸರು ಬಂದಿತು. ಇದನ್ನು ಸಹಿಸದೆ ಸ್ಪ್ರೇಗನು ಹೊರನಡೆದನು.

ಆದರೆ ಕೈಕಟ್ಟಿ ಕೂರಲಿಲ್ಲ. ಚಾರ್ಲ್ಸ್ ಪ್ರ್ಯಾಟ್ ಎಂಬುವನೊಡಗೂಡಿ ಎತ್ತರದ ಕಟ್ಟಡಗಳಿಗೆ ವಿದ್ಯುತ್ ಲಿಫ್ಟುಗಳನ್ನು ನಿರ್ಮಿಸಿದನು. ಹಲವು ಲಿಫ್ಟುಗಳನ್ನು ಒಂದೇ ಕಡೆಯಿಂದ ನಿಯಂತ್ರಿಸುವ ಉಪಾಯ ಹೊಳೆದಾಗ, ರೈಲುಗಾಡಿಗೂ ಇದೇಕೆ ಒಗ್ಗಬಾರದೆಂದು ಯೋಚಿಸಿದನು. ಒಂದೇ ದೊಡ್ಡ ಎಂಜಿನ್ನಿನ ಬದಲು ಡಬ್ಬಿಗಳಿಗೇ ಮೋಟಾರು. ಎಲ್ಲಕ್ಕೂ ಮುಂದಿನ ಡಬ್ಬಿಯ ಒಬ್ಬನೇ ಚಾಲಕ. 1897ನೆಯ ಜುಲೈ ತಿಂಗಳಲ್ಲಿ ಆರು ಡಬ್ಬಿಗಳ ರೈಲನ್ನು ಹತ್ತು ವರ್ಷದ ತನ್ನ ಮಗ ಡೆಸ್ಮಂಡನ ಕೈಯಲ್ಲಿ ಓಡಿಸಿ ತೋರಿಸಿದನು. ಚಿಕಾಗೋ ನಗರ ಅದನ್ನು ಮೊದಲು ಅಳವಡಿಸಿಕೊಂಡಿತು. ಅವನು ಹೊಗೆ ಕುಡಿದು ಓಡಾಡಿದ್ದ ಲಂಡನ್ನಿನಲ್ಲಿಯೂ, 1900ರಲ್ಲಿ ತೆರೆದ ಸೆಂಟ್ರಲ್ ಲಂಡನ್ ಸುರಂಗ ರೈಲು 1903ರ ವೇಳೆಗೆ ಈ ಕ್ರಮಕ್ಕೇ ಬಂದಿತು.

ನಮ್ಮ ದೇಶಕ್ಕೂ ಈ ಕತೆಗೂ ನಂಟಿದೆ. ಮದರಾಸಿನಲ್ಲಿ 1895ರಿಂದ 1953ರವರೆಗೂ, ಮುಂಬಯಿಯಲ್ಲಿ 1907ರಿಂದ 1964ರವರೆಗೂ ವಿದ್ಯುತ್ ಟ್ರಾಮುಗಳು ಓಡಿದವು. ಬೆಂಗಳೂರಿಗೆ ಟ್ರಾಂ ಬರಲೇ ಇಲ್ಲ. ಆದರೆ ಡಬ್ಬಿಗಳಲ್ಲೇ ಮೋಟಾರಿರುವ ರೈಲು 1925ರಲ್ಲಿ ಮುಂಬಯಿಗೆ ಬಂದಿತು. 2011ರಲ್ಲಿ ನಮ್ಮ ಮೆಟ್ರೋ ಎಂಬ ಹೆಸರಿನಲ್ಲಿ ಬೆಂಗಳೂರಿಗೂ ಬಂದಿತು. ಮುಂಬಯಿಯ ಲೋಕಲ್ ಗಾಡಿಯಲ್ಲಿ ಕೆಲಸಕ್ಕೆ ಹೋಗುವ ಕನ್ನಡಿಗನೂ ಬೆಂಗಳೂರಿನ ಮೆಟ್ರೋ ಹತ್ತುವ ವಿದ್ಯಾರ್ಥಿಯೂ ತಿಳಿಯದೆಯೇ ಸ್ಪ್ರೇಗನಿಗೆ ಋಣಿಗಳು.

ಎಂಜಿನಿಯರುಗಳ ಸಂಘ 1910ರಲ್ಲಿ ಅವನಿಗೆ ಅತ್ಯುನ್ನತ ಪದಕವನ್ನಿತ್ತಿತು. ವಿಧಿಯ ಆಟ, ಅದರ ಹೆಸರೂ ಎಡಿಸನ್ ಪದಕ! 1934ನೆಯ ಅಕ್ಟೋಬರ್ 25ರಂದು ಸ್ಪ್ರೇಗನು ತೀರಿಕೊಂಡನು. ಹಳೆಯ ನೌಕಾಧಿಕಾರಿಯಾದ್ದರಿಂದ ಆರ್ಲಿಂಗ್ಟನ್ನಿನ ರಾಷ್ಟ್ರೀಯ ಸ್ಮಶಾನದಲ್ಲಿ ಅವನ ಸಮಾಧಿಯಾಯಿತು. ಅವನಿಗೆ ಸಲ್ಲಬೇಕಾದ ಹೆಸರು ಎಡಿಸನ್ನನಿಗೆ ಸಂದಿತೆಂದು ತೋರಿಸಲು ಅವನ ಪತ್ನಿ ಹ್ಯಾರಿಯೆಟ್ 1947ರಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿದಳು.

ಮಾಡಿದ ಕೆಲಸ ನಿಂತರೆ ಸಾಕು, ಹೆಸರಿನ ಹಂಬಲವೇಕೆ ಎಂದು ಕೆಲವರು ಕೇಳಬಹುದು. ಹೆಸರು ಗಳಿಸಿದ ಮನೆಗಳಲ್ಲಿ ಹುಟ್ಟಿದವರಿಗೆ ಆ ಮಾತು ಸುಲಭ. ಸಾಲ ಮಾಡಿ ಓದಿ, ಜ್ವರದಿಂದೆದ್ದು ಬಂದು ದಿಬ್ಬದ ಮೇಲೆ ಗಾಡಿ ಹತ್ತಿಸಿದವನು ಅದು ತನ್ನ ಕೆಲಸವೆಂದು ಹೇಳಿಕೊಂಡರೆ ಅದನ್ನು ಅಹಂಕಾರವೆನ್ನಲಾಗದು. ಸ್ಪ್ರೇಗನು ಮುನಿಸಿಕೊಂಡದ್ದೂ ನಿಜ, ಮುನಿಸಿಕೊಂಡು ಕೆಲಸ ಬಿಡದಿದ್ದುದೂ ನಿಜ. ಹೆಸರು ಕಳೆದುಹೋದ ಮೇಲೆ ಅವನು ಕಟ್ಟಿದ ರೈಲು, ಹೆಸರಿದ್ದಾಗ ಕಟ್ಟಿದ ಟ್ರಾಮಿಗಿಂತ ಹೆಚ್ಚು ಕಾಲ ಬಾಳಿದೆ, ಹೆಚ್ಚು ಜನರನ್ನು ಹೊತ್ತಿದೆ. ಪದವಿ ಮುಗಿಸಿ ಹೊರಡುತ್ತಿರುವ ನಾವು ಈ ಎರಡನ್ನೂ ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.